ಗಿಳಿ ಕುಂತ ಜಾಗ

ಜಾಳಿಗಿ ಹರಿದ ಜರಡಿ. ಅದರ ಬಳಿಯಷ್ಟ ಉಳಿದಿತ್ತು
ಅಟ್ಟದ ಮ್ಯಾಲ, ತಗಡಿನ ಟ್ರಂಕಿನ ಬಾಜೂಕ.
ಜ್ವಾಳದ ಹಿಟ್ಟಿನ ವಾಸನಿ ಇನ್ನೂ ಬಿಟ್ಟಿದ್ದಿಲ್ಲ.
ಇದನ್ನ ತೊಳದು, ಒಣಗಿಸಿ, ಸುತ್ತ ಹೂ ಕಟ್ಟಿ
ನೀಲಗಂಗಾನ ಕೂಸಿನ ತೊಟ್ಟಿಲ ಮ್ಯಾಲ ತೂಗಬಿಡೂಣಂತ.
ಖರೇ ಹೂ ಬ್ಯಾಡ ಅಂದಿದ್ದಳು ಆಕಿ:
"ಬಾಡಿದ ಎಸಳು ಕೂಸಿನ ಬಾಯಾಗ ಬಿದ್ರ?"

ಕಾಗದ ಎಲ್ಲಿಂದ? ಟ್ರಂಕಿನಾಗ ಅಪ್ಪನ ನಕ್ಷಿ.
ಗುಳೇದಗುಡ್ಡದಾಗ ಮುರಿಗೆಪ್ಪ ಅಂದ್ರ
ಚೌಕಳಿ ಹಾಳಿ, ಕಿವಿ ಮ್ಯಾಲ ಕೆಂಪು ಪೆನ್ಸಿಲ್ಲು.
ಒಂದು ಮನಿ ತುಂಬಿದ್ರ ಒಂದು ಎಳಿ ಏಳತೈತಿ.
ಖಣದ ಮ್ಯಾಲ ಬರೋ ನವಿಲು, ಕಳಸ, ಬಳ್ಳಿ
ಮೊದಲು ಇಲ್ಲಿ ಎಣಿಕಿಯಾಗಿ ಹುಟ್ಟತಿದ್ದವು.
ಆಮ್ಯಾಲ ರಟ್ಟಿನ ಕಾರ್ಡಿಗೆ ತೂತು. ಆಮ್ಯಾಲ ಮಗ್ಗ.

ಮೊದಲ ಕತ್ತರಿ ಹಾಕುವಾಗ ಕೈ ನಡುಗಿತು, ಸುಳ್ಳು ಯಾಕ ಹೇಳಲಿ.
ಹತ್ತನೇದಕ್ಕ ಅದು ಬರೇ ಕಾಗದ ಆತು.

ಐದು ಎಸಳು, ನೀರಿನ ಹನಿಯ ಆಕಾರ.
ತುದಿ ದಬ್ಬಣಕ್ಕ ಸುತ್ತಿ ಬಿಟ್ರ
ಸೆರಗಿನಂಗ ತಾನ ಹೊಳ್ಳತೈತಿ.
ಬಣ್ಣದ ಮನಿಯವ್ರು ಚೆಲ್ಲೋ ರಾಣಿ ಕಲರಿನ ನೀರಾಗ
ಅರ್ಧ ಅದ್ದಬೇಕು. ಪೂರ್ತಿ ಅದ್ದಿದ್ರ
ಅಪ್ಪನ ಗೆರಿ ಮುಚ್ಚಿ ಹೋಗತಾವು.
ಹಳೇ ಕಾರ್ಡು ಎಲಿ ಆದವು, ತೂತಿನ ಸಮೇತ,
ಹುಳ ತಿಂದಂಗ. ಅದ ಛಂದ ಕಾಣತಿತ್ತು.
ಅಂಟಿಗೆ ಮೈದಾ ಸರಿ, ಚಿಟಿಕಿ ಉಪ್ಪು.
(ಉಪ್ಪು ಹಾಕಬಾರದಿತ್ತು. ಆ ಮಾತು ಆಮ್ಯಾಲ.)

ಮೂವತ್ತೊಂದನೇ ಹಾಳಿ: ಕಣ್ಣಿಲ್ಲದ ಗಿಳಿ.
ಅಪ್ಪ ಒಂದು ಮನಿ ತುಂಬೋದು ಮರತಿದ್ದ.
ಒಂದ ಮನಿ!
ನಲವತ್ತು ಖಣ ಕುರುಡಾಗಿ ನೇಯ್ದು ಸೊಲ್ಲಾಪುರಕ್ಕ ಹೋದವು.
ಅಲ್ಲಿಂದ ಒಂದು ಬೈಗಳಾನೂ ಬರಲಿಲ್ಲ.
ಅಂವ ಮಾತ್ರ, ಯಾವ ಹೆಣಮಗಳು ಎದುರು ಬಂದ್ರೂ
ಕುಬಸದ ತೋಳಿನ ಮ್ಯಾಲ ಗಿಳಿ ಹುಡುಕತಿದ್ದ.
"ಮಂದಿ ಏನ ತಿಳಕೊಂಡಾರು!" ಅಂತ ಅವ್ವ
ಬೀದ್ಯಾಗನ ಅವನ ಅಂಗಿ ಜಗ್ಗತಿದ್ದಳು.

ಕತ್ತರಿ ಕೆಳಗಿಟ್ಟೆ.
ಅಣ್ಣನ ಮಗಳು ಭುವನಾ, ಒಂಬತ್ತರಾಕಿ,
ಹಾಳಿ ಕಸಗೊಂಡು ಸೂಜಿ ಚುಚ್ಚಿದಳು.
"ಆತಲ್ಲ ಅತ್ತಿ, ಈಗ ಕಾಣತೈತಿ ಅದಕ್ಕ."
ಕಿಡಕಿಗೆ ಹಿಡದು ನೋಡಿದೆ.
ಸೂಜಿಮನಿಯಷ್ಟು ಬಿಸಲು ನನ್ನ ಹೆಬ್ಬಟ್ಟಿನ ಮ್ಯಾಲ ಬಿತ್ತು.

ಗಿಳಿ ಕತ್ತರಿಸಲಿಲ್ಲ. ಇಡೀ ಹಾಳಿ ಮಡಚಿ
ನಡುವ ಗಿಳಿ ಬರೂಹಂಗ ದೊಡ್ಡದೊಂದು ಹೂ ಮಾಡಿ
ದಾರ ಕಟ್ಟೋ ನೆತ್ತಿಗೆ ಕೂಡಿಸಿದೆ,
ಬೀಳಬಾರದಂತ ಎರಡು ಪಟ್ಟು ಅಂಟು ಹಚ್ಚಿ.

ರಾತ್ರಿ ಆರಲಿ ಅಂತ ಕಟ್ಟಿ ಮ್ಯಾಲ ಇಟ್ಟಿದ್ದ ತಪ್ಪು.
ನಸುಕಿನ್ಯಾಗ ಹುಸೇನಬಿಯ ಆಡು ಬಂದು
ಇಪ್ಪತ್ತಾರು ಹೂವಿನಾಗ
ಅದೊಂದನ್ನ ಆರಿಸಿ ತಿಂದಿತ್ತು.
ಪಾಪ ಹುಸೇನಬಿ ಗಲ್ಲ ಗಲ್ಲ ಬಡಕೊಂಡಳು,
ಆಡಿನ ಕಿವಿ ಹಿಂಡಿದಳು.
ಅದು ಕಣ್ಣ ಮುಚ್ಚಿ ಮೆಲಕು ಹಾಕತಿತ್ತು.
ನಾ ಏನಂತ ಬೈಲಿ?
ನಲವತ್ತು ಖಣಕ್ಕ ಸೊಲ್ಲಾಪುರ ಬೈದಿತ್ತೇನು?

ಹೊಸಾದು ಮಾಡಾಕ ಹೊತ್ತಿಲ್ಲ, ಹೆಸರಿಡೋದು ಹತ್ತಕ್ಕ.
ಹಂಗ ತೂಗಬಿಟ್ಟೆವು. ನೆತ್ತಿಯಾಗ ಅಂಗೈಯಷ್ಟು ಖಾಲಿ,
ಜರಡಿಯ ಕಟ್ಟಿಗಿ, ಮೊಳಿ ಹೊಡದ ತೂತು, ಎಲ್ಲಾ ಕಾಣತಿತ್ತು.
"ಇಲ್ಲೇನಿತ್ತ ಅಕ್ಕಾ?" ಅಂದಳು ನೀಲಗಂಗಾ.
ನಾ ಬಾಯಿ ತೆರೆಯೂದರಾಗ ಭುವನಾ:
"ಗಿಳಿ ಕುಂತಿತ್ತು.
ಕಣ್ಣು ಬಂದಕೂಡ್ಲೆ ಹಾರಿ ಹೋತು."

ಹೆಂಗಸರು ನಕ್ಕರು. ಗುಗ್ಗರಿ ಹಂಚಿದರು.
ಕೂಸು ಆ ಖಾಲಿಯೊಳಗಿಂದ ಜಂತಿ ನೋಡತಿತ್ತು,
ಭಾಳ ಹೊತ್ತು ನೋಡಿ, ಸೀನಿತು.
ಹೊರಗ ಆಡು ಒದರಿತು.