ಮುಚ್ಚಳ ಬಿಗಿಯಬೇಡಿ

ಅದ್ರಾಮಾಕ ಮೊದಲು ನಕ್ಕರು.
ಜ್ಯೂಸು ಬಿಟ್ಟು ಸಿಪ್ಪೆ ಕೇಳಿದ ಗಿರಾಕಿ
ಹಂಪನಕಟ್ಟೆಯಲ್ಲಿ ನಾನೇ ಮೊದಲಂತೆ.
ಉಪವಾಸದ ತಿಂಗಳು. ಸಂಜೆಯ ಬಾಂಗಿಗೆ ಮೊದಲೇ
ಅಂಗಡಿಯ ಹಿಂದೆ ಮೂಸಂಬಿ ಸಿಪ್ಪೆಯ ಗುಡ್ಡೆ,
ಕಿತ್ತಳೆ ಕಡಿಮೆ, ಲಿಂಬೆಗೆ ಲೆಕ್ಕವಿಲ್ಲ.
"ಕೊಂಡೋಗಿ ಸೆವ್ರಿನ್ ಬಾಯೀ,
ಎಂತಕ್ಕೆ ಅಂತ ಹೇಳಿ ಹೋಗಿ."

ಎಂತಕ್ಕೆ ಅಂದರೆ,
ಇಪ್ಪತ್ತೆರಡು ವರ್ಷ ಕಂಕನಾಡಿಯ ಆಸ್ಪತ್ರೆಯಲ್ಲಿ
ಫಿನಾಯಿಲಿನ ಬಕೆಟು ಎಳೆದವಳು ನಾನು.
ನನ್ನ ಬೆರಳ ತುದಿಯಲ್ಲಿ ಗೆರೆಗಳಿಲ್ಲ.
ರೇಷನ್ ಅಂಗಡಿಯ ಯಂತ್ರ ಮೂರು ಸಲ ಒತ್ತಿಸಿ
ನೀವು ನೀವಲ್ಲ ಅನ್ನುತ್ತದೆ.

ಚೀಟಿ ಬರೆದುಕೊಟ್ಟದ್ದು ಮೇಲಿನ ಮನೆಯ ವಿಶಾಲಾಕ್ಷಿ ಟೀಚರು:
ಬೆಲ್ಲ ಒಂದು, ಸಿಪ್ಪೆ ಮೂರು, ನೀರು ಹತ್ತು.
ತೊಂಬತ್ತು ದಿನ.
ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ.
ಕೊನೆಯ ಸಾಲಿಗೆ ಕೆಂಪು ಶಾಯಿಯ ಅಡಿಗೆರೆ.

ನೀಲಿ ಡ್ರಮ್ಮು ಮೆಟ್ಟಿಲ ಕೆಳಗೆ.
ಒಂದು ವಾರ ಏನೂ ಆಗಲಿಲ್ಲ.
ಸಿಪ್ಪೆಗೆ ಅದರ ಎಣ್ಣೆಯದೇ ಕಾವಲು, ಅಂದರು ಟೀಚರು,
ಹುಳ ಬಾರದ ಹಾಗೆ ಮರ ಕೊಟ್ಟು ಕಳಿಸಿದ ಕಹಿ,
ಹಣ್ಣು ಹೋದ ಮೇಲೂ ಕಾಯುತ್ತಲೇ ಇರುತ್ತದೆ.
ನನಗೆ ಅದರ ಮೇಲೆ ಸ್ವಲ್ಪ ಗೌರವ ಬಂತು.

ಅಮ್ಮ ಸಾನ್ನದ ಹಿಟ್ಟಿಗೆ ಶೇಂದಿ ಹೊಯ್ದು
ಗೋಣಿ ಹೊದಿಸಿ, ಮಾತಾಡಬೇಡಿ, ಹುದುಗಲಿ, ಅನ್ನುತ್ತಿದ್ದಳು.
ಹುದುಗುವುದೆಂದರೆ ಅಡಗಿ ಕೂರುವುದು ಅಂತ
ಶಾಲೆಯಲ್ಲಿ ಬರೆದ ಉತ್ತರಕ್ಕೆ
ಪೂರ್ತಿ ಅಂಕ ಸಿಕ್ಕಿತ್ತು ನನಗೆ.
ಅರ್ಧ ಸಾಕಿತ್ತು.

ಹತ್ತನೆಯ ದಿನ ಡ್ರಮ್ಮು ಉಸಿರು ಬಿಟ್ಟಿತು.
ಇಪ್ಪತ್ತಕ್ಕೆ ತಂಗಿಯ ಮಗಳ ರೋಸು, ಕುಲಶೇಖರದಲ್ಲಿ;
ತೆಂಗಿನ ಹಾಲು ಹೊಯ್ದು, ಹಾಡಿ, ಎರಡು ರಾತ್ರಿ ಉಳಿದೆ.
ಮೂರನೆಯ ರಾತ್ರಿ ಬಸ್ಸಿಳಿದು ಗಲ್ಲಿಗೆ ತಿರುಗಿದ್ದಷ್ಟೇ,
ಢಮ್ ಅಂತ.
ಗ್ಯಾಸ್ ಸಿಲಿಂಡರೆಂದು ಬನಿಯನ್ನಿನಲ್ಲೇ ಓಡಿ ಬಂದರು ಅದ್ರಾಮಾಕ.
ಮುಚ್ಚಳ ಟೀಚರ ಸ್ಕೂಟರಿನ ಸೀಟಿನ ಮೇಲೆ.
ಮೆಟ್ಟಿಲಿಡೀ ಹುಳಿ ವಾಸನೆ,
ಕಿತ್ತಳೆ ತೋಟಕ್ಕೆ ಯಾರೋ ಕುಡಿದು ಬಂದ ಹಾಗೆ.
ಟೀಚರು ಏನೂ ಅನ್ನಲಿಲ್ಲ.
ಚೀಟಿ ತಂದು ಕೆಂಪು ಗೆರೆ ತೋರಿಸಿದರು.

ಚೆಲ್ಲಿದ್ದರಲ್ಲೇ ಮೆಟ್ಟಿಲು ತೊಳೆದೆ ಆ ರಾತ್ರಿ.
ಬೆಳಿಗ್ಗೆ ನೋಡಿದರೆ ನೆಲದ ಕಾವಿ ಬಣ್ಣ ಎದ್ದು ಬಂದಿತ್ತು.
ಇಷ್ಟು ಕೆಂಪಾ ಇದು, ಅಂದರು
ನಲವತ್ತು ವರ್ಷ ಅದನ್ನೇ ತುಳಿದವರು.

ಆಸ್ಪತ್ರೆಯವರು ಒಪ್ಪಲಿಲ್ಲ. ಸರಿಯೇ;
ಆಪರೇಶನ್ ಕೋಣೆಗೆ ಇದು ಸಾಲದು.
ದಕ್ಕೆಯ ಮೀನಿನ ಹೆಂಗಸರು ಒಯ್ಯುತ್ತಾರೆ,
ಬುಟ್ಟಿಗೆ, ಕತ್ತಿಗೆ, ಕೈಗೆ.
ಬಂಗುಡೆಯ ವಾಸನೆ ಹೋಗುತ್ತದಾ ಅಂತ ಕೇಳಿದೆ.
ಪೂರ್ತಿ ಹೋದರೆ ಗಂಡ ಬಾಗಿಲು ತೆರೆಯಲಿಕ್ಕಿಲ್ಲ,
ಅಂದಳು ಚಂಚಲಾಕ್ಷಿ.

ಯಂತ್ರ ಇನ್ನೂ ನನ್ನನ್ನು ಒಪ್ಪಿಲ್ಲ.
ಈಗ ಮೂರು ಡ್ರಮ್ಮು. ಬೆಳಿಗ್ಗೆ ಐದಕ್ಕೆ ಎದ್ದು
ಒಂದೊಂದೇ ಮುಚ್ಚಳ ಸಡಿಲಿಸುತ್ತೇನೆ.
ಒಂದಕ್ಕೆ ನಿಟ್ಟುಸಿರು, ಒಂದಕ್ಕೆ ಬರೀ ಗುಳುಗುಳು.
ನಡುವಿನದ್ದು ಸ್ವಲ್ಪ ಜಾಸ್ತಿಯೇ ಮಾತಾಡುತ್ತದೆ.
ಮಾತಾಡಲಿ.