ಶೇಕಡಾ ಇಪ್ಪತ್ತು

ಕ್ಲೈಪೆಡಾ ಬಂದರಿನ ಕ್ರೇನಿಂದಿಳಿದು ಬಂದ ರಿಮ್ವಿದಾಸ್
ಬೂಟು ಬಿಚ್ಚದೆಯೇ ಪೆಟ್ಟಿಗೆ ಒಡೆದ.
ಆರು ವರ್ಷ ಉರಿದ ಟ್ಯೂಬುಗಳೆರಡು
ತುದಿಯಲ್ಲಿ ಕಪ್ಪಿಟ್ಟು, ಹಳೇ ಪತ್ರಿಕೆಯಲ್ಲಿ ಸುತ್ತಿ, ಮೂಲೆಗೆ.

ನಲವತ್ತು ಲೀಟರಿನ ಕಡಲಿಗೆ
ಅಂಗೈಯಗಲದ ಹೊಸ ಸೂರ್ಯ.
ಒತ್ತಿದ.
ನೀಲಿ ಧುಮುಕಿತು.
ಬರೀ ಹಸಿರೆಂದುಕೊಂಡಿದ್ದ ಹವಳಕ್ಕೆ ಕಿತ್ತಳೆ ಬಾಯಿ;
ಗಾಜಿನ ಗೀರು, ಕಲ್ಲಿನ ಸಂದಿಯ ಪಾಚಿ,
ಎಂದೋ ಸತ್ತಿತೆಂದು ಲೆಕ್ಕ ಬಿಟ್ಟಿದ್ದ ಸೀಗಡಿ
ಮೀಸೆ ಕುಣಿಸುತ್ತ ಹೊರಗೆ.

‘ಇಳಿಸು ಮಾರಾಯ’ ಅಂದಳು ದಾಂಗುವೋಲೆ, ಸೋಫಾದಿಂದ.
ಮೊನ್ನೆ ತಾನೇ ಪೊರೆ ತೆಗೆಸಿದ ಕಣ್ಣು, ಕಪ್ಪು ಕನ್ನಡಕ.
ಅವನಿಗೂ ಗೊತ್ತು: ಒಮ್ಮೆಲೇ ಸುರಿದರೆ
ಹವಳ ತನ್ನ ಬಣ್ಣ ತಾನೇ ಉಗುಳಿ
ಎಲುಬಿನ ಬಿಳುಪಾಗುತ್ತದೆ.
ಶೇಕಡಾ ಇಪ್ಪತ್ತು. ವಾರಕ್ಕೆ ಐದೈದು ಏರಿಕೆ.
ಕ್ಯಾಲೆಂಡರಿನಲ್ಲಿ ಬರೆದಿಟ್ಟ,
ಅವಳ ಕಣ್ಣಿನ ಹನಿಗಳ ಹೊತ್ತಿನ ಪಕ್ಕದಲ್ಲೇ.

ಹೊರಗೆ ನಾಲ್ಕಕ್ಕೇ ಬಾಲ್ಟಿಕ್ ಕತ್ತಲು.

ಎಂಟನೇ ದಿನ ಅವಳು ಕನ್ನಡಕ ತೆಗೆದು
ತೊಟ್ಟಿಯ ಮುಂದೆ ಕೂತಳು,
ತೊಟ್ಟಿಯನ್ನಲ್ಲ, ಅವನನ್ನು ನೋಡಿದಳು.
‘ಅಯ್ಯೋ, ನಿನ್ನ ಹುಬ್ಬು ಯಾವಾಗ ನರೆಯಿತು?’

ಅವನು ಗುಂಡಿಗಾಗಿ ತಡಕಾಡಿದ,
ಇನ್ನೊಂದಿಷ್ಟು ಇಳಿಸಲು.