ಮಾತು ಎತ್ತಿಕೊಡುವವನು

ತೆಬಾಲ್ದೊ ಸ್ಗಾರ್ಜಿಯ ಮುಖ ನಾನು ನೋಡಿದ್ದು ಕಡಿಮೆ.
ಬೂಟು ನೋಡಿದ್ದೇನೆ, ನಲವತ್ತಮೂರು ವರ್ಷ.

ಫೆರಾರಾದ ಈ ನಾಟಕಶಾಲೆಯಲ್ಲಿ, ರಂಗದ ತುದಿಗೆ
ಮರದ ಮುಚ್ಚಳದ ಕೆಳಗೊಂದು ಗೂಡು:
ಒಬ್ಬ ಮನುಷ್ಯ, ಒಂದು ದೀಪ, ಒಂದು ಪುಸ್ತಕ
ಹಿಡಿಯುವಷ್ಟು. ಕೆಮ್ಮಿಗೆ ಜಾಗವಿಲ್ಲ.
ಹಾಡುವವರಿಗಿಂತ ಒಂದು ಉಸಿರು ಮುಂಚೆ
ಅವರ ಮಾತನ್ನು ಎತ್ತಿಕೊಡುವುದು ನನ್ನ ಕಸುಬು.
ರಾಣಿ ಸಾಯುವ ಮೊದಲೇ ನಾನು ಸಾಯುತ್ತೇನೆ,
ಪಿಸುದನಿಯಲ್ಲಿ. ಚಪ್ಪಾಳೆ ಅವಳಿಗೆ,
ಅವಳ ಲಂಗ ಎಬ್ಬಿಸಿದ ಧೂಳು ನನಗೆ.

ಮೊದಲು ಬಂದಾಗ ಅವನ ಬಲಗಾಲ ಬೂಟಿಗೆ
ಲೇಸಿನ ಬದಲು ಸಣಬಿನ ದಾರ.
ಅರ್ಜೆಂತಾದ ಚರ್ಮ ಹದಮಾಡುವವನ ಮಗ;
ಸುಣ್ಣದ ವಾಸನೆ ಕೋಟಿನಿಂದ ಇನ್ನೂ ಹೋಗಿರಲಿಲ್ಲ.
ಒಪೆರಾದ ಹೆಸರು ‘ಉಪ್ಪಿನ ತೆರಿಗೆಯವನ ಹೆಂಡತಿ’.
ಎರಡನೆಯ ಅಂಕಕ್ಕೆ ಶಿಳ್ಳೆ.
ಮೂರನೆಯದಕ್ಕೆ ಹುರಿದ ಚೆಸ್ಟ್‌ನಟ್ ಸಿಪ್ಪೆ.
ಮೇಲಿನ ಗ್ಯಾಲರಿಯಿಂದ ಯಾರೋ ಕತ್ತೆಯ ಹಾಗೆ ಅರಚಿದ,
ನಿಜ ಹೇಳಬೇಕು, ಶ್ರುತಿ ತಪ್ಪದೆ.

ಆ ರಾತ್ರಿ ಅವನು ಓಡಿಬಂದದ್ದು ನನ್ನ ಗೂಡಿಗೆ.
ದೀಪ ಆರಿತ್ತು. ಕತ್ತಲಲ್ಲಿ ಮಂಡಿ ಮಡಿಸಿ ಕೂತು
ತಣ್ಣಗಾದ ಪೊಲೆಂಟಾ ಹಂಚಿಕೊಂಡೆವು. ತಲೆಯ ಮೇಲೆ
ಆಳುಗಳು ಅವನ ವೆನಿಸನ್ನು ಸುರುಳಿ ಸುತ್ತುತ್ತಿದ್ದರು.
‘ಒರೆಸ್ತೆ, ಒಂದೇ ಒಂದು ಸಾಲೂ ಚೆನ್ನಾಗಿರಲಿಲ್ಲವೇ?’
ಒಂದಿತ್ತು. ಹೆಂಡತಿ ಬಾಗಿಲಲ್ಲಿ ನಿಂತು,
ವಾದ್ಯಗಳೆಲ್ಲ ಹಿಂದೆ ಸರಿದ ಮೇಲೆ ಹಾಡುವುದು:
‘ಅಗುಳಿ ಹಾಕಿಲ್ಲ, ತಳ್ಳಿದರೆ ಸಾಕು.’
ಹೇಳಿದೆ. ಅತ್ತ.
ಸಪ್ಪೆ ಪೊಲೆಂಟಾಕ್ಕೆ ಅಷ್ಟು ಉಪ್ಪಾಯಿತು.

ಆಮೇಲೆ ಬೂಟುಗಳು ಬದಲಾದವು.
ಎಳೆಗರುವಿನ ತೊಗಲು, ಬೆಳ್ಳಿಯ ಬಕಲು, ಮಿಲಾನಿನ ಹೊಳಪು.
‘ಕುರುಡ ದೋಣಿಗಾರ’ ಗೆದ್ದಿತು; ‘ಮೂರನೆಯ ಗಂಟೆ’ಗೆ
ಕುದುರೆ ಬಿಚ್ಚಿ, ಜನರೇ ಗಾಡಿ ಎಳೆದರು.
ಬೇಕರಿ ಹುಡುಗರ ಬಾಯಲ್ಲಿ ಬೆಳಗಿನ ಜಾವ ಅವನ ರಾಗ,
ಹಿಟ್ಟು ಮೆತ್ತಿಕೊಂಡು.
ತಾಲೀಮಿಗೆ ಬಂದಾಗ, ಹಾದುಹೋಗುತ್ತಾ,
ಬೂಟಿನ ತುದಿಯಿಂದ ನನ್ನ ಮುಚ್ಚಳಕ್ಕೆ ಎರಡು ಸಲ ತಟ್ಟುತ್ತಿದ್ದ.
ದೊಡ್ಡವನಾದ ಮೇಲೆ ನಮ್ಮ ನಡುವಿನ ಮಾತುಕತೆ ಅಷ್ಟೆ.

ಕಾಲರಾ ಬಂದ ವರ್ಷ ನೆರೀನಾ ಹೋದಳು.
ಏಳು ವರ್ಷದ ಮಗಳು.
ಬೂಟಿನ ಮೇಲೆ ಸ್ಮಶಾನದ ಕೆಸರು ಹಾಗೇ ಒಣಗಿತ್ತು,
ವಾರಗಟ್ಟಲೆ.
ಆ ಚಳಿಗಾಲದ ಒಪೆರಾದಲ್ಲಿ ಒಬ್ಬ ತಾಯಿ, ಒಂದು ತೊಟ್ಟಿಲು.
ಊರಿಗೆ ಊರೇ ಜೋಗುಳ ಕಾದಿತ್ತು.
ಅವನು ಬರೆದದ್ದು ಹನ್ನೊಂದು ಆವರ್ತದ ಮೌನ.
ನನ್ನ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ಗೀಚು:
‘ಒರೆಸ್ತೆ, ಇಲ್ಲಿ ಏನೂ ಕೊಡಬೇಡ.’

ಕೊಡದೆ ಇರುವುದು ಏನೆಂದು
ಈ ಗಂಟಲಿಗೆ ಗೊತ್ತು.

ಕೊನೆಯ ಒಪೆರಾದ ರಾತ್ರಿ ಬೂಟೇ ಇರಲಿಲ್ಲ.
ಬಾತ ಪಾದಕ್ಕೆ ಬಟ್ಟೆಯ ಚಪ್ಪಲಿ,
ಕಂಬಳಿ ಹರಿದು ಮನೆಯಲ್ಲೇ ಹೊಲಿದದ್ದು.
ಹದಿನಾರು ಸಲ ಪರದೆ ಎದ್ದಿತು. ಮೇಯರು ಬಂದು
ತಗಡಿನ ಎಲೆಗೆ ಚಿನ್ನ ಬಳಿದ ಕಿರೀಟ ಇಟ್ಟು
ಎರಡು ಮಾತಾಡಿ ಎಂದರು.
ಬಾಯಿ ತೆರೆದ.
ಏನೂ ಬರಲಿಲ್ಲ.
ಬೀಸಣಿಗೆಗಳು ನಿಂತವು, ಒಂದೊಂದಾಗಿ, ಪೆಟ್ಟಿಗೆಯಿಂದ ಪೆಟ್ಟಿಗೆಗೆ.
ಚಪ್ಪಲಿಗಳು ಮೆಲ್ಲಗೆ ನನ್ನ ಕಡೆ ತಿರುಗಿದವು.

ನನ್ನ ಪುಸ್ತಕ ಮುಗಿದಿತ್ತು;
ಕೊನೆಯ ಪುಟದ ಮೇಲೆ ಎಣ್ಣೆ ಚೆಲ್ಲಿತ್ತು.
ಬಾಯಿಗೆ ಬಂದದ್ದು ಕೊಟ್ಟೆ: ‘ಅಗುಳಿ ಹಾಕಿಲ್ಲ…’

ಅವನು ಬಗ್ಗಿದ. ನೋವಿನ ಕಾಲು ಹಿಂದಕ್ಕೆ ಚಾಚಿ,
ಕಿರೀಟ ಜಾರದಂತೆ ಒಂದು ಕೈಯಲ್ಲಿ ಹಿಡಿದು,
ಮುಚ್ಚಳದೊಳಗೆ ಇಣುಕಿದ.
ಬೆಳಕಿನಲ್ಲಿ ಮುಖ. ಮುದುಕನದು. ಮುಂದಿನ ಹಲ್ಲೊಂದಿಲ್ಲ.
‘ತಳ್ಳಿದರೆ ಸಾಕು,’ ಅಂದ,
ನನಗಷ್ಟೇ ಕೇಳುವ ಹಾಗೆ.

ಮರುದಿನದ ಪತ್ರಿಕೆ ಬರೆಯಿತು:
ಅಷ್ಟು ಬಾಗಿ ನಮಿಸಿದ ಇನ್ನೊಬ್ಬ ಮಹನೀಯರನ್ನು
ಈ ಊರು ಕಂಡಿಲ್ಲ.
ಇರಬಹುದು. ಆ ರಾತ್ರಿ ದೀಪ ಆರಿಸಿ
ಮೇಲೆ ಹತ್ತಿಬರಲು ಬಹಳ ಹೊತ್ತು ಹಿಡಿಯಿತು.
ಮಂಡಿ ಹಿಡಿದುಕೊಂಡಿತ್ತು.